ಒಡ್ಡು ಉಳಿಯಿತು, ಕೆರೆ ಹೋಯಿತು

“ಒಡ್ಡು ಒಡೀರಿ, ಹಳ್ಳ ಬದುಕತೈತಿ!” ಎಂದು ಸಭೆಯ ಎಡಭಾಗ ಕೂಗಿತು. “ಒಡ್ಡಿಗೆ ಕೈ ಹಚ್ಚಿ ನೋಡ್ರಿ!” ಎಂದು ಬಲಭಾಗ ತಿರುಗಿ ಕೂಗಿತು. ನಡುವೆ ನಾನು ಎದ್ದು ನಿಂತೆ. ಅರವತ್ತು ದಾಟುವವರೆಗೆ ಯಾವ ಸಭೆಯಲ್ಲೂ ಬಾಯಿ ತೆರೆದವಳಲ್ಲ ನಾನು. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು ಹೇಳಿದೆ: “ಇಬ್ಬರದೂ ತಪ್ಪೈತಿ. ಆ ಗ್ವಾಡಿಗೆ ತಳದಾಗ ಮೂರು ತೂಬು ಅದಾವು. ಅವನ್ನ ತಗದ್ರ ಹಳ್ಳಾನೂ ಹರೀತೈತಿ, ಒಡ್ಡೂ ನಿಲ್ಲತೈತಿ.”

ಎಲ್ಲರೂ ನನ್ನತ್ತ ತಿರುಗಿದರು. ಆಮೇಲೆ ನಕ್ಕರು. ಎರಡೂ ಕಡೆಯವರು ಆ ದಿನ ಕೂಡಿ ಮಾಡಿದ ಕೆಲಸ ಅದೊಂದೇ.

ಆ ಒಡ್ಡು ಇರುವುದು ಧಾರವಾಡದ ಪಶ್ಚಿಮಕ್ಕೆ, ಕೆಲಗೇರಿ ದಾಟಿ ಸ್ವಲ್ಪ ದೂರ ಹೋದರೆ ಸಿಗುವ ಹಳ್ಳದ ಮೇಲೆ. ಬ್ರಿಟಿಷರ ಕಾಲದ್ದು. ಎರಡಾಳೆತ್ತರದ ಕರಿಕಲ್ಲಿನ ಗೋಡೆ, ನೀರಿನ ಕಡೆಗೆ ಬಿಲ್ಲಿನಂತೆ ಬಾಗಿದ್ದು, ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಅದರ ನೆತ್ತಿಯ ಮೇಲೆ ಇನ್ನೊಂದು ಆಳೆತ್ತರದ ಕಾಂಕ್ರೀಟು ಆಮೇಲೆ ಬಂದದ್ದು. ಹಿಂದೆ ನಿಂತ ನೀರಿಗೆ ನಾವೆಲ್ಲ ಕೆರೆ ಎನ್ನುತ್ತಿದ್ದೆವು. ಊರಿಗೆ ನಲ್ಲಿ ನೀರು ಬಂದ ಮೇಲೆ ಆ ಕೆರೆ ಯಾರಿಗೂ ಬೇಡವಾಯಿತು. ಹೊಸ ಬಡಾವಣೆಗಳ ಗಟಾರು ಅದಕ್ಕೆ ಕೂಡಿತು, ಅಂತರಗಂಗೆ ಹಬ್ಬಿತು, ಹೂಳು ಏರಿತು. ಬೇಸಿಗೆಯಲ್ಲಿ ಆ ದಾರಿಯಲ್ಲಿ ಹೋಗುವ ಸ್ಕೂಟರಿನವರು ಮೂಗು ಮುಚ್ಚಿಕೊಂಡು ಒಂದೇ ಕೈಯಲ್ಲಿ ಗಾಡಿ ಓಡಿಸುತ್ತಿದ್ದರು. ನನ್ನ ಮನೆ ಅಲ್ಲಿಂದ ಕೂಗಳತೆಯಲ್ಲಿದೆ. ಆ ನಾತದಲ್ಲಿ ಉಂಡವಳು ನಾನು, ಅದನ್ನು ಚೆಂದಮಾಡಿ ಹೇಳುವುದಿಲ್ಲ.

ಈಗ ಎರಡು ಯೋಜನೆಗಳು ಒಟ್ಟಿಗೆ ಬಂದಿದ್ದವು. ಹಳ್ಳಕ್ಕೆ ಮತ್ತೆ ಜೀವ ಬರಬೇಕಾದರೆ ಗೋಡೆಯನ್ನು ಪೂರ್ತಿ ಕೆಡವಬೇಕು ಎಂಬುದು ಒಂದು. ಗೋಡೆ ನಮ್ಮ ಊರಿನ ಹಿರಿಮೆ, ಅದನ್ನು ಇನ್ನಷ್ಟು ಕಾಂಕ್ರೀಟಿನಿಂದ ಬಿಗಿದು, ಸುತ್ತ ಟೈಲ್ಸು ಹಾಕಿ, ಬಣ್ಣದ ದೀಪ ಹಚ್ಚಿ, ಪೆಡಲ್ ಬೋಟು ಬಿಡಬೇಕು ಎಂಬುದು ಇನ್ನೊಂದು. ಮೊದಲನೆಯವರಿಗೆ ಗೋಡೆ ಕಾಣುತ್ತಿರಲಿಲ್ಲ, ಎರಡನೆಯವರಿಗೆ ಹಳ್ಳ ಕಾಣುತ್ತಿರಲಿಲ್ಲ.

ನನಗೆ ಆ ತೂಬುಗಳ ವಿಷಯ ಗೊತ್ತಿದ್ದದ್ದು ಒಂದು ಬೈಗುಳದಿಂದ. ಡಿಪ್ಲೊಮಾ ಮುಗಿಸಿ ನೀರಾವರಿ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಈ ಒಡ್ಡಿನ ಹಳೆಯ ನಕ್ಷೆಯನ್ನು ನನ್ನ ಮುಂದಿಟ್ಟು ಅದರ ಪ್ರತಿ ತೆಗೆಯಲು ಹೇಳಿದ್ದರು. ಇಡೀ ಕಚೇರಿಯಲ್ಲಿ ನಕ್ಷೆ ಬರೆಯುವ ಹೆಣ್ಣು ನಾನೊಬ್ಬಳೇ. ಮೂರು ದಿನ ಬಗ್ಗಿ ಕೂತು, ಕರಿ ಶಾಯಿಯಲ್ಲಿ ಗೆರೆ ಗೆರೆ ಇಳಿಸಿ, ಹೆಮ್ಮೆಯಿಂದ ಒಯ್ದು ಕೊಟ್ಟೆ. ಹಿರಿಯ ನಕ್ಷೆಗಾರರು ಕನ್ನಡಕ ಏರಿಸಿ ನೋಡಿದರು. “ಮೂರನೇ ತೂಬು ಎಲ್ಲಿ?” ಎಂದರು. ಬಿಟ್ಟುಹೋಗಿತ್ತು. “ಇಡೀ ಹಾಳಿ ಮತ್ತ ಬರೀರಿ. ತಿದ್ದೂದು ಬ್ಯಾಡ.” ಎಲ್ಲರೆದುರು ಹೇಳಿದ್ದರು. ಅಳುತ್ತ ಮತ್ತೆ ಬರೆದೆ. ಹಾಗಾಗಿ ಆ ಮೂರೂ ತೂಬು, ಅವುಗಳ ಕಮಾನು, ಒಂದರಿಂದ ಒಂದಕ್ಕೆ ಇದ್ದ ಅಳತೆ ನನ್ನ ತಲೆಯಲ್ಲಿ ಉಳಿದವು.

ಆ ಪ್ರತಿ ಯಾಕೆ ತೆಗೆಸಿದರೆಂದು ಆಗ ನಾನು ಕೇಳಲಿಲ್ಲ. ಗೋಡೆಯ ಮೇಲೆ ಕಾಂಕ್ರೀಟು ಏರಿಸಿ ಹೆಚ್ಚು ನೀರು ನಿಲ್ಲಿಸುವುದಕ್ಕೆ. ಆ ಕೆಲಸದಲ್ಲಿಯೇ ತಳದ ತೂಬುಗಳಿಗೆ ಕಲ್ಲು ಜಡಿದು ಮುಚ್ಚಿದ್ದರು.

ಸಭೆಯಾದ ಮೂರನೆಯ ದಿನ ಒಬ್ಬ ಹುಡುಗಿ ನಮ್ಮ ಮನೆಯ ಬಾಗಿಲಿಗೆ ಬಂದಳು. ಸಪ್ತಾಪುರದಲ್ಲಿ ಬಾಡಿಗೆ ಕೋಣೆ ಮಾಡಿಕೊಂಡು ಹಳ್ಳಗಳ ಮೀನುಗಳ ಮೇಲೆ ಸಂಶೋಧನೆ ಮಾಡುತ್ತಿದ್ದವಳು. ಒಡ್ಡು ಕೆಡವಬೇಕೆಂದು ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದವಳು ಅವಳೇ. ಸಭೆಯಲ್ಲಿ ಹಲ್ಲು ಬಿಟ್ಟು ನಕ್ಕಿದ್ದನ್ನೂ ನಾನು ನೋಡಿದ್ದೆ.

“ನಕ್ಕಿದ್ದು ತಪ್ಪಾತ್ರಿ,” ಎಂದಳು. “ಆದರ ನಿಮ್ಮ ತೂಬಿನ ಮಾತು ನಂಬಲಿಕ್ಕೂ ಆಗವಲ್ದು. ದಾಖಲೆ ಏನರ ಐತೇನ್ರಿ?”

“ಮೂಲ ನಕ್ಷೆ ಗೆದ್ದಲು ತಿಂದಾವಂತ. ನನ್ನ ಪ್ರತಿ ಎಲ್ಲಿ ಹೋತೋ ಗೊತ್ತಿಲ್ಲ.”

“ಹಂಗಾರ?”

“ಹಂಗಾರ ಅಗದು ನೋಡಬೇಕು.”

ನನ್ನ ಅಕ್ಕ ಒಳಗಿನಿಂದ ಚಹಾ ತಂದಿಟ್ಟಳು. ನಾವಿಬ್ಬರೂ ಒಂದೇ ಮನೆಯಲ್ಲಿ ಇರುವವರು. ಅವಳು ಗಂಡ ತೀರಿಕೊಂಡ ಮೇಲೆ ಬಂದವಳು, ನಾನು ಮದುವೆಯಾಗದೆ ಉಳಿದವಳು. “ಈಕಿಗೆ ಊರ ಉಸಾಬರಿ ಈಗ ಹತ್ತೇತ್ವಾ,” ಎಂದು ಆ ಹುಡುಗಿಗೆ ಹೇಳಿದಳು. “ಪಿಂಚಣಿ ತಗೊಂಡು ಸುಮ್ಮ ಕುಂಡರಾಕ ಏನಾಗೇತಿ?”

ಹುಡುಗಿ ಚಹಾ ಮುಗಿಸಿ ನನ್ನನ್ನು ಸ್ಕೂಟಿ ಹತ್ತಿಸಿಕೊಂಡು ಒಡ್ಡಿನ ಕೆಳಗಿನ ಹೊಲಗಳಿಗೆ ಕರೆದೊಯ್ದಳು. “ಗೋಡಿ ನೋಡೀರಿ. ಗೋಡಿ ಕೆಳಗಿನವರನ್ನ ನೋಡೀರೇನು?” ಎಂದಳು. ನೋಡಿರಲಿಲ್ಲ. ಒಡ್ಡಿನ ಕೆಳಗೆ ಹಳ್ಳವೆಂದರೆ ಬಿಳಿಚಿದ ಕಲ್ಲುಗಳ ಒಂದು ದಾರಿ, ನಡುವೆ ಅಲ್ಲಲ್ಲಿ ಕಪ್ಪು ರಾಡಿ. ದಂಡೆಯ ಹೊಲದಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ಮೆಣಸಿನ ಗಿಡಕ್ಕೆ ಕೊಡದಿಂದ ನೀರು ಹಾಕುತ್ತಿದ್ದಳು. ಒಡ್ಡು ಹಳೆಯದು, ಚೆಂದದ್ದು, ಉಳಿಸಬೇಕು ಎಂದು ನಾನು ಅವಳಿಗೆ ಹೇಳತೊಡಗಿದೆ. ಅವಳು ಕೊಡ ಕೆಳಗಿಟ್ಟಳು.

“ನಿಮ್ಮ ಒಡ್ಡಿನ ಚಂದ ತಗೊಂಡು ನಾ ಏನ್ ಮಾಡ್ಲಿ? ನಮ್ಮತ್ತಿ ಈ ಹಳ್ಳದಾಗ ಬ್ಯಾಸಿಗ್ಯಾಗೂ ಕೊಡಾ ತುಂಬತಿದ್ಲು. ನಾ ಬಂದ ಮ್ಯಾಲೆ ಒಂದು ಹನಿ ಬರಲಿಲ್ಲ. ಮಳಿ ಜೋರಾದ್ರ ಮಾತ್ರ ನಿಮ್ಮ ಗಟಾರ ಎಲ್ಲಾ ಒಮ್ಮಿಗೇ ನನ್ನ ಹೊಲಕ್ಕ ಬರತೈತಿ. ಆ ಗ್ವಾಡಿ ನಾಳಿ ಬೀಳಲಿ, ನಾ ಸಕ್ಕರಿ ಹಂಚತೇನಿ.”

ನಾನು ಸುಮ್ಮನೆ ಬರಬಹುದಿತ್ತು. ಆದರೆ ಹೇಳಿಬಿಟ್ಟೆ: “ಆ ತೂಬು ಮುಚ್ಚಾಕ ನಕ್ಷೆ ತಗದಾಕಿ ನಾನ.”

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ಹಂಗಾರ ನನ್ನ ಹಳ್ಳಾ ಮುಚ್ಚಿದಾಕಿ ನೀವ?”

“ಕಲ್ಲು ಹಾಕಿದವರು ಬ್ಯಾರೆ. ಗೆರಿ ನನ್ನದು.”

“ಗೆರಿ ನಿಮ್ಮದಾದ್ರ ಎಲ್ಲಿ ಅದಾವು ತೋರಸ್ರಿ,” ಎಂದಳು. “ಸಲಕಿ ನನ್ನ ಹಂತ್ಯಾಕ ಐತಿ.”

ಮೊದಲು ನೀರಾವರಿ ಕಚೇರಿಗೆ ಅರ್ಜಿ ಕೊಟ್ಟೆವು. ಅಲ್ಲಿನ ಸಾಹೇಬರು ಸಭ್ಯರು, ಕುರ್ಚಿ ಕೊಟ್ಟರು. “ಮೇಡಂ, ನೆನಪು ದಾಖಲೆ ಅಲ್ಲರಿ,” ಎಂದರು. ಕೆಡವುವ ಯಂತ್ರಕ್ಕೆ ಆದೇಶ ಹೋಗಿದೆ, ಮಳೆಗಾಲದ ಮುಂಚೆ ಕೆಲಸ ಮುಗಿಯಬೇಕು, ಪೆಡಲ್ ಬೋಟಿನವರ ತಕರಾರು ಬಿದ್ದುಹೋಗಿದೆ ಎಂದೂ ಹೇಳಿದರು. ತಳ ಅಗೆದು ನೋಡಲು ಅನುಮತಿ ಕೇಳಿದೆ. ಕೊಡಲಾಗುವುದಿಲ್ಲ ಎಂದರು. ಹೊರಬಂದು ಮೆಟ್ಟಿಲ ಮೇಲೆ ನಿಂತಾಗ ಹುಡುಗಿ ಕೇಳಿದಳು: “ಈಗೇನ್ರಿ?”

“ನಾಳಿ ಮುಂಜಾನೆ ಏಳಕ್ಕ ಬಾ. ಹಳಿ ಚಪ್ಪಲಿ ಹಾಕ್ಕೊಂಡು ಬಾ.”

ಒಡ್ಡಿನ ಕೆಳಮುಖದ ತಳದಲ್ಲಿ ಯಾರಯಾರದೋ ಮನೆ ಕೆಡವಿದ ಇಟ್ಟಿಗೆ, ಕಾಂಕ್ರೀಟಿನ ತುಂಡು, ಒಡೆದ ಟೈಲ್ಸು ಸೊಂಟದೆತ್ತರ ಬಿದ್ದಿತ್ತು. ಅದರಡಿಗೆ ಮಣ್ಣು. ನಾನು ಪೂರ್ವದ ತುದಿಯಿಂದ ಟೇಪು ಹಿಡಿದು ಅಳೆದು ಸುಣ್ಣದಿಂದ ಗುರುತು ಹಾಕಿದೆ. ರೈತ ಹೆಂಗಸು ತನ್ನ ನೆರೆಹೊಲದ ಮೂವರನ್ನು ಕರೆತಂದಿದ್ದಳು. ಎರಡು ದಿನ ಅಗೆದೆವು. ಬರೀ ಗೋಡೆ. ಕಮಾನಿಲ್ಲ, ತೂಬಿಲ್ಲ. ವಾಕಿಂಗಿಗೆ ಬಂದವರು ಮೇಲಿನಿಂದ ಬಗ್ಗಿ ನೋಡಿ, “ಬಂಗಾರ ಸಿಕ್ತೇನ್ರಿ?” ಎಂದು ಕೇಳಿ ಹೋಗುತ್ತಿದ್ದರು. ಅಕ್ಕ ಬುತ್ತಿ ಹೊತ್ತು ಬಂದಳು. ಎಲ್ಲರಿಗೂ ರೊಟ್ಟಿ, ಝುಣಕ ಹಾಕಿಕೊಟ್ಟು, ನನ್ನ ತಟ್ಟೆಗೆ ಹಾಕುವಾಗ ಮಾತ್ರ ಅಂದಳು: “ನಾ ಏನೂ ಅನ್ನೂದಿಲ್ಲವಾ. ನೀನ ತಿಳಕೋ.”

ಎರಡನೆಯ ದಿನ ಇಳಿಹೊತ್ತಿಗೆ ನನಗೆ ನನ್ನ ಮೇಲೆಯೇ ಸಂಶಯ ಬಂತು. ನಲವತ್ತು ವರ್ಷದ ಹಿಂದಿನದು. ಅಳುತ್ತ ಬರೆದದ್ದು. ಇದ್ದದ್ದನ್ನು ಬಿಟ್ಟವಳು ಇಲ್ಲದ್ದನ್ನು ಸೇರಿಸಿಕೊಂಡಿರಬಾರದೇಕೆ? ಹುಡುಗಿ ಕಲ್ಲಿನ ಮೇಲೆ ಕುಳಿತು ಕೈಯ ಬೊಬ್ಬೆ ನೋಡಿಕೊಳ್ಳುತ್ತಿದ್ದಳು. ನನ್ನನ್ನು ನೋಡುತ್ತಿರಲಿಲ್ಲ.

ರೈತ ಹೆಂಗಸು ಮಾತ್ರ ಗೋಡೆ ಸವರುತ್ತ ನಡೆಯುತ್ತಿದ್ದಳು. ಒಂದು ಕಡೆ ನಿಂತಳು. “ಅಕ್ಕಾರ, ಇತ್ತ ಬರ್ರಿ. ಇಲ್ಲಿ ತನಕಾ ಕಲ್ಲು ಒರಟ ಐತಿ. ಇಲ್ಲಿಂದ ಮುಂದ ಉಳಿ ಏಟು ಐತಿ ನೋಡ್ರಿ. ಕಟ್ಟಿದ ಕೈ ಬ್ಯಾರೆ.”

ನಾನು ಬೆರಳಿಟ್ಟು ನೋಡಿದೆ. ಅವಳ ಮಾತು ಖರೇ. ಉಳಿಯ ಸಾಲು ಸಾಲು ಗುರುತು ಅಲ್ಲಿಂದಲೇ ಶುರುವಾಗಿತ್ತು. ಗೋಡೆ ಎತ್ತರಿಸುವಾಗ ಪೂರ್ವದ ದಂಡೆಯ ಕಡೆ ಅದನ್ನು ಉದ್ದವೂ ಮಾಡಿದ್ದರು. ನಾನು ಹೊಸ ತುದಿಯಿಂದ ಅಳೆಯುತ್ತಿದ್ದೆ! ಹಳೆಯ ಗೋಡೆಯ ತುದಿಯಿಂದ ಮತ್ತೆ ಟೇಪು ಹಿಡಿದೆ. ಹೊಸ ಗುರುತು ಬಿದ್ದದ್ದು ಹತ್ತು ಹೆಜ್ಜೆ ಆಚೆ, ಇಟ್ಟಿಗೆ-ಕಾಂಕ್ರೀಟು ತುಂಡುಗಳ ಅತಿ ದೊಡ್ಡ ಗುಡ್ಡೆಯ ನಟ್ಟನಡುವೆ. ಎಲ್ಲರೂ ಆ ಗುಡ್ಡೆ ನೋಡಿದರು. ಮರುದಿನ ಎಲ್ಲರೂ ಬಂದರು.

ಮಧ್ಯಾಹ್ನದ ಹೊತ್ತಿಗೆ ಸಲಕಿಗೆ ಕಮಾನಿನ ನೆತ್ತಿಗಲ್ಲು ತಾಗಿತು. ಹುಡುಗಿ ಮೊಣಕಾಲೂರಿ ಕೈಯಿಂದಲೇ ಮಣ್ಣು ಬಳಿದಳು. ಅರ್ಧಚಂದ್ರದಂತೆ ಕೂಡಿಸಿದ ಕಲ್ಲು, ಅದರ ಬಾಯಿಗೆ ಅಡ್ಡಾದಿಡ್ಡಿ ಜಡಿದ ಬೇರೆ ಕಲ್ಲು. ಅವಳು ನನ್ನ ಮಣ್ಣುಗೈಯನ್ನು ಹಿಡಿದುಕೊಂಡಳು. ರೈತ ಹೆಂಗಸು ಕಮಾನಿಗೆ ಕಿವಿ ಹಚ್ಚಿದಳು. “ಒಳಗ ಜಿನಗತೈತಿ,” ಎಂದಳು.

ಆಗಲೇ ಸಾಹೇಬರ ಜೀಪು ಬಂತು. ಯಾರು ಸುದ್ದಿ ಕೊಟ್ಟರೋ. ಒಡ್ಡಿನ ಮೇಲೆ ನಿಂತೇ ಕೂಗಿದರು: “ಮೇಡಂ, ಇದು ಸರಕಾರಿ ಆಸ್ತಿ. ಕೆಲಸ ನಿಲ್ಲಸ್ರಿ. ನಾಡದು ಮಶೀನು ಬರತೈತಿ.”

“ಕೆಳಗ ಇಳದು ನೋಡ್ರಿ.”

“ನೋಡೂದು ಏನಿಲ್ಲರಿ. ನೀವು ರಿಟೈರ್ಡ್ ಮನಷ್ಯಾರು, ಕೇಸು ಗೀಸು ಆದ್ರ ನಿಮಗ ತ್ರಾಸು.”

ಮೂವತ್ತೈದು ವರ್ಷ ಸಾಹೇಬರುಗಳ ಮುಂದೆ “ಹೌದ್ರಿ” ಎಂದವಳು ನಾನು. ತಪ್ಪು ಅಳತೆ ಕೊಟ್ಟರೂ ಹೌದ್ರಿ, ನನ್ನ ನಕ್ಷೆಗೆ ಬೇರೆಯವರ ಸಹಿ ಬಿದ್ದರೂ ಹೌದ್ರಿ. ಆ ಹೊತ್ತಿಗೆ ಬಾಯಿಗೆ ಆ ಮಾತು ಬರಲೇ ಇಲ್ಲ. ಕಮಾನಿನ ಮುಂದೆ, ಒದ್ದೆ ಮಣ್ಣಿನ ಮೇಲೆ, ಇಳಕಲ್ ಸೀರೆ ಮಡಚಿಕೊಂಡು ಕುಳಿತೆ.

“ಹಾಕ್ರಿ ಕೇಸು,” ಎಂದೆ. “ಏನಂತ ಬರೀತೀರಿ? ಸರಕಾರ ಕಳಕೊಂಡ ತೂಬು ಹುಡಿಕಿಕೊಟ್ಲು ಅಂತ ಬರೀರಿ. ನೆನಪು ದಾಖಲೆ ಅಲ್ಲ ಅಂದ್ರಿ. ಇದು ಕಲ್ಲು. ಇದು ದಾಖಲೆ ಹೌದೋ ಅಲ್ಲೋ? ನೀವು ಇಳದು ಬಂದು ಇದಕ್ಕ ಕೈ ಹಚ್ಚೂತನಕಾ ನಾ ಏಳೂದಿಲ್ಲ. ನಾಡದು ಮಶೀನು ಬಂದ್ರ ಇಲ್ಲೇ ಇರತೇನಿ.”

ರೈತ ಹೆಂಗಸು ಬಂದು ನನ್ನ ಪಕ್ಕ ಕುಳಿತಳು. ಆಮೇಲೆ ಹುಡುಗಿ. ಆಮೇಲೆ, ಬುತ್ತಿ ಗಂಟು ಎತ್ತಿಟ್ಟು, ಮೊಣಕಾಲು ನೋವಿನ ನನ್ನ ಅಕ್ಕ. “ನನಗ ಏಳಾಕ ಆಗೂದಿಲ್ಲರೀ ಸಾಹೇಬ್ರ,” ಎಂದು ಅವಳೇ ಕೂಗಿ ಹೇಳಿದಳು, “ಎಬ್ಬಸೂದಿದ್ರ ನಾಕ ಮಂದೀನ ಕರೀರಿ.”

ಸಾಹೇಬರು ಬಹಳ ಹೊತ್ತು ಮೇಲೆಯೇ ನಿಂತಿದ್ದರು. ಕೊನೆಗೆ ಪ್ಯಾಂಟು ಮಡಚಿ ಇಳಿದರು. ಅವರೂ ಇಂಜಿನಿಯರರೇ ತಾನೇ. ಕಮಾನಿನ ಕಲ್ಲಿಗೆ ಕೈಯಿಟ್ಟ ಮೇಲೆ ಅವರ ಮುಖ ಬೇರೆಯಾಯಿತು. ಗಾರೆಯ ಸಂದಿಯನ್ನು ಕೀಲಿಕೈಯ ತುದಿಯಿಂದ ಕೆರೆದು ನೋಡಿದರು. “ಇನ್ನ ಎರಡು ಎಲ್ಲಿ ಅದಾವು?” ಎಂದು ನನ್ನನ್ನು ಕೇಳಿದರು.

ಮಶೀನು ಬರಲಿಲ್ಲ. ಒಂದು ವರ್ಷದ ಕಾಲ ಕೆಡವುವುದನ್ನು ತಡೆದು, ತೂಬುಗಳನ್ನು ತೆಗೆದು ನೋಡಬೇಕೆಂದು ಆದೇಶವಾಯಿತು. ಅಲ್ಲಿಗೆ ನಾನು ಗೆದ್ದೆ ಎಂದುಕೊಂಡೆ. ಆದರೆ ಮುಂದಿನದು ಸಲೀಸಾಗಿರಲಿಲ್ಲ.

ತೂಬು ತೆಗೆಯಬೇಕೆಂದರೆ ಹಿಂದೆ ನಿಂತ ನೀರು ಹೋಗಬೇಕು. ಹುಡುಗಿ ಹಟ ಹಿಡಿದಳು: “ಒಮ್ಮಿಗೇ ಬಿಟ್ರ ಕೆಳಗಿನ ಹೊಲಾ ಎಲ್ಲಾ ರಾಡಿ ಆಕ್ಕಾವು. ದಿನಕ್ಕ ಗೇಣುದ್ದ ಇಳೀಬೇಕು.” ಪಂಪು ಹಚ್ಚಿ ಹಾಗೆಯೇ ಇಳಿಸಿದರು. ಆಮೇಲೆ ನೆತ್ತಿಯ ಕಾಂಕ್ರೀಟು ಕೊರೆದು ತೆಗೆದರು. ಅದಕ್ಕೆ ನನಗೆ ನೋವಾಗಲಿಲ್ಲ. ಮೊದಲ ಎರಡು ತೂಬುಗಳ ಕಲ್ಲು ಹೊರಬಂದವು. ಮೂರನೆಯದಕ್ಕೆ ಕೈ ಹಚ್ಚಿದಾಗ ಕಮಾನು ಬಿರುಕುಬಿಟ್ಟು, ಮೇಲಿನ ಗೋಡೆ ಹೊಟ್ಟೆ ಉಬ್ಬಿಸಿತು. ಅಷ್ಟು ಭಾಗ, ಸುಮಾರು ಎರಡು ಮಾರು, ಮೇಲಿನಿಂದ ತಳದವರೆಗೆ ಕಡಿದು ತೆಗೆಯದಿದ್ದರೆ ಉಳಿದ ಗೋಡೆಯೂ ನಿಲ್ಲುವುದಿಲ್ಲ ಎಂದು ಸಾಹೇಬರು ಹೇಳಿದರು.

“ಒಂದು ಕಲ್ಲೂ ಹೋಗಬಾರದು ಅಂತ ನಾ ಎಲ್ಲಾರ ಮುಂದ ಹೇಳೇನಿ,” ಎಂದೆ.

“ಮೀನಿಗೆ ತೂಬಿನಕಿಂತ ಅದ ಛಲೋರಿ,” ಎಂದಳು ಹುಡುಗಿ ಮೆಲ್ಲಗೆ. “ತೂಬಿನಾಗ ನೀರು ಭಾಳ ಜೋರು ಬರತೈತಿ, ಸಣ್ಣ ಮೀನು ಏರಾಂಗಿಲ್ಲ. ಎರಡು ಮಾರು ಬಾಗಿಲಾದ್ರ ಏರತಾವು.”

ಎರಡು ದಿನ ಅವಳೊಂದಿಗೆ ಮಾತು ಬಿಟ್ಟೆ. ನನ್ನ ಕಡೆ ನ್ಯಾಯವಿರಲಿಲ್ಲ, ಹಟವಿತ್ತು. ಮೂರನೆಯ ದಿನ ಹೋಗಿ, ಅರ್ಜಿ ಕೊಟ್ಟವಳಾಗಿ, ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದೆ. ತೆಗೆದ ಕಲ್ಲನ್ನು ಯಾರೂ ಮಾರಬಾರದು, ದಂಡೆಯಲ್ಲೇ ಜೋಡಿಸಿಡಬೇಕು ಎಂದು ಕೈಬರಹದಲ್ಲಿ ಒಂದು ಸಾಲು ಸೇರಿಸಿದೆ. ಆ ಕಲ್ಲುಗಳು ಈಗಲೂ ಅಲ್ಲಿವೆ. ಬಟ್ಟೆ ಒಗೆಯುವವರು ಬಳಸುತ್ತಾರೆ.

ಕೆರೆ ಹೋದದ್ದಕ್ಕೆ ಊರು ನನ್ನನ್ನು ಬೈಯಿತು. ನಾತ ಹೊಡೆಯುತ್ತಿದ್ದಾಗ ಯಾರಿಗೂ ಬೇಡವಾಗಿದ್ದ ನೀರು, ಹೋದ ಮೇಲೆ ಎಲ್ಲರದೂ ಆಯಿತು. ನಮ್ಮ ಓಣಿಯ ಒಬ್ಬ ನಿವೃತ್ತ ಮಾಸ್ತರರು ಬಾಗಿಲಲ್ಲೇ ನಿಂತು, “ಇದ್ದ ಒಂದು ಕೆರಿ ತಿಂದು ಕುಂತ್ರಿ,” ಎಂದರು.

“ಅದು ಕೆರಿ ಅಲ್ಲರಿ. ನಡ್ಯಾಕ ಬಿಡದಂಗ ನಿಲ್ಲಿಸಿದ ಹಳ್ಳ.”

“ನೀರುಕೋಳಿ ಬರತಿದ್ದೂ.”

“ಬರತಿದ್ದೂ,” ಎಂದೆ. ಅದು ಸುಳ್ಳಾಗಿರಲಿಲ್ಲ. ನನಗೂ ಸಂಜೆ ಆ ಕಡೆ ನೋಡಿದರೆ ನೀರಿನ ಹೊಳಪು ಇರಬೇಕಾದಲ್ಲಿ ಬರೀ ಬಿರಿದ ಹೂಳು ಕಾಣುತ್ತಿತ್ತು. ಆದರೆ ಕ್ಷಮೆ ಕೇಳಲಿಲ್ಲ. ಇವತ್ತೂ ಕೇಳುವುದಿಲ್ಲ.

ಮೃಗಶಿರಾ ಮಳೆ ಬಂದಾಗ ನಾವೆಲ್ಲ ಕೊಡೆ ಹಿಡಿದು ಕೆಳಗೆ ನಿಂತಿದ್ದೆವು. ಮೊದಲ ನೀರು ಕಪ್ಪಗೆ, ಪ್ಲಾಸ್ಟಿಕ್ ಹೊತ್ತು, ವಾಸನೆ ಹೊಡೆಯುತ್ತ ಬಂತು. ಎರಡು ತೂಬಿನಿಂದಲೂ ಕಡಿದ ಬಾಗಿಲಿನಿಂದಲೂ ನುಗ್ಗಿತು. ನನ್ನ ಕಣ್ಣು ಗೋಡೆಯ ಮೇಲೆಯೇ ಇತ್ತು, ಅದು ಅಲುಗಲಿಲ್ಲ. ವಾರ ಕಳೆದ ಮೇಲೆ ನೀರು ಕೆಂಪಾಯಿತು, ಆಮೇಲೆ ತಿಳಿಯಾಯಿತು. ಹುಡುಗಿ ಒಂದು ಬೆಳಿಗ್ಗೆ ಫೋನು ಮಾಡಿ, ಬಾಗಿಲು ದಾಟಿ ಮೇಲಿನ ಹಳ್ಳದಲ್ಲಿ ಬಲೆಗೆ ಬೆರಳುದ್ದದ ಮೀನು ಬಿದ್ದಿದೆ ಎಂದು ಕಿರುಚಿದಳು. ಎಷ್ಟು ಎಂದು ಕೇಳಿದೆ. “ಏಳರಿ!” ಎಂದಳು. ಏಳು ಮೀನಿಗೆ ಇಷ್ಟು ಗದ್ದಲವೇ ಎಂದು ಅಕ್ಕ ಗೊಣಗಿದಳು. ಗೊಣಗುತ್ತಲೇ ಗೋಧಿ ಹುಗ್ಗಿ ಮಾಡಿದಳು.

ಬೇಸಿಗೆಯಲ್ಲಿ ಹಳ್ಳ ಇನ್ನೂ ಪೂರ್ತಿ ಹರಿಯುವುದಿಲ್ಲ. ಗಟಾರಿನ ಕೊಳವೆಗಳು ಇನ್ನೂ ಅದರೊಳಕ್ಕೆ ಬಾಯಿ ತೆರೆದುಕೊಂಡಿವೆ. ಅದಕ್ಕೆ ಅರ್ಜಿ ಕೊಟ್ಟಿದ್ದೇವೆ, ಉತ್ತರ ಬರುವವರೆಗೆ ಕೊಡುತ್ತಲೇ ಇರುತ್ತೇವೆ. ಕಳೆದ ಬಾರಿ ರೈತ ಹೆಂಗಸೇ ಮುಂದೆ ನಿಂತು ಮಾತಾಡಿದಳು. ಅವಳ ಬಾವಿಯಲ್ಲಿ ಯುಗಾದಿಯ ತನಕ ನೀರಿತ್ತಂತೆ. ಸಕ್ಕರೆ ಎಲ್ಲಿ ಎಂದು ಕೇಳಿದೆ. “ಗ್ವಾಡಿ ಬಿದ್ದಿಲ್ಲಲ್ಲ,” ಎಂದು ನಕ್ಕು, ಒಂದು ಚೀಲ ಹಸಿಮೆಣಸಿನಕಾಯಿ ಕೊಟ್ಟು ಕಳಿಸಿದಳು.

ಹೋದ ತಿಂಗಳು ಇನ್ನೊಂದು ಜಗಳವಾಯಿತು. ಒಡ್ಡಿಗೆ ಕರಿ ಗ್ರಾನೈಟಿನ ಫಲಕ ಹಾಕಬೇಕೆಂದು, ಅದರಲ್ಲಿ ದೊಡ್ಡವರ ಹೆಸರುಗಳ ಸಾಲು ಕೆತ್ತಿಸಿಕೊಂಡು, ನಾಲ್ಕು ಜನ ಕೊರೆಯುವ ಯಂತ್ರದೊಂದಿಗೆ ಬಂದರು. ಮೊದಲ ತೂಬಿನ ಕಮಾನಿನ ಮೇಲೆಯೇ ಗುರುತು ಹಾಕಿದ್ದರು. ನಾನು ಹೋಗಿ ಆ ಗುರುತಿಗೆ ಬೆನ್ನು ಕೊಟ್ಟು ನಿಂತೆ.

“ಸರೀರಿ ಅಜ್ಜಿ, ಬರೇ ನಾಕ ತೂತು,” ಎಂದ ಗುತ್ತಿಗೆದಾರ.

“ನಾಕ ಅಲ್ಲ, ಒಂದೂ ಇಲ್ಲ. ಇದು ಗಾರ್ಯಾಗ ಕಟ್ಟಿದ್ದು. ಕೊರದ್ರ ಬಿರುಕು ಬಿಡತೈತಿ.”

“ಮ್ಯಾಲಿಂದ ಹುಕುಂ ಐತ್ರಿ.”

“ಹುಕುಂ ಕೊಟ್ಟವರನ್ನ ಕರೀರಿ. ಅವರಿಗೂ ಇದನ್ನ ಹೇಳತೇನಿ.”

ಅವನು ಫೋನು ಹಚ್ಚಿದ, ಆ ಕಡೆಯಿಂದ ಯಾರೂ ಎತ್ತಲಿಲ್ಲ, ಮತ್ತೆ ಹಚ್ಚಿದ. ಬಿಸಿಲು ಏರಿತು. ಒಂದು ತಾಸು ನಾನು ಅಲ್ಲೇ ನಿಂತೆ. ಬೆನ್ನಿಗೆ ಕಲ್ಲು ತಣ್ಣಗಿತ್ತು, ಪಕ್ಕದ ತೂಬಿನಿಂದ ನೀರು ಸದ್ದುಮಾಡುತ್ತ ಹೋಗುತ್ತಿತ್ತು. ಕೊನೆಗೆ ಅವರು ದಂಡೆಯ ಮೇಲೆ ಗುಂಡಿ ತೋಡಿ, ಎರಡು ಕಬ್ಬಿಣದ ಕಂಬ ನಿಲ್ಲಿಸಿ, ಅದಕ್ಕೆ ಫಲಕ ಬಿಗಿದು ಹೋದರು. ಮರುವಾರ ನೋಡಿದಾಗ ಆ ಕಂಬಕ್ಕೆ ಯಾರೋ ಎಮ್ಮೆ ಕಟ್ಟಿದ್ದರು. ಒಳ್ಳೆಯ ಗಟ್ಟಿ ಕಂಬ ಅದು.